ಬದಲಿ ಕೊಡಲಾಗದ ಮಂಚವೂ ಕೊಂಡವನ ಹಕ್ಕೂ

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಮಾಂಬಳ್ಳಿಯನ್ನು ರೇಷ್ಮೆಯ ಊರೆಂದು ಬಲ್ಲವರು ಅನೇಕರು. ನಾನಿಲ್ಲಿ ಹೇಳಹೊರಟಿರುವುದಾದರೋ ನೂಲಿನ ಮಾತನ್ನಲ್ಲ, ಮರದ ಮಾತನ್ನು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಈ ಸೀಮೆಯಲ್ಲಿ, ಒಂದೆರಡು ತಲೆಮಾರುಗಳ ಹಿಂದೆ, ಮಗಳ ಮದುವೆಗೆ ಮಂಚ ಬೇಕಾದಾಗ ಗೃಹಸ್ಥನು ಹಲಸನ್ನೋ ಬೇವನ್ನೋ ಅನುಕೂಲವಿದ್ದರೆ ತೇಗವನ್ನೋ ತಾನೇ ಕೊಂಡು, ಕೊಯ್ಸಿ, ನೆರಳಿನಲ್ಲಿ ಒಣಗಿಸಿ, ಅನಂತರ ಆಚಾರಿಯನ್ನು ಮನೆಯ ಜಗಲಿಗೇ ಕರೆಸಿ ಕೆಲಸ ಮಾಡಿಸುತ್ತಿದ್ದನು. ಮಂಚದ ಕಾಲು ಅಲುಗಿತೆಂದರೆ ಆ ಆಚಾರಿಯೇ ಬಂದು ಬೆಣೆ ಹೊಡೆದು, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದನು. ವಾರಂಟಿ ಕಾರ್ಡೆಂಬುದು ಇರಲಿಲ್ಲ, ಇರಬೇಕಾದ ಪ್ರಮೇಯವೂ ಇರಲಿಲ್ಲ, ಏಕೆಂದರೆ ಮಾಡಿದವನೂ ಮಾಡಿಸಿದವನೂ ಒಂದೇ ಸಂತೆಯಲ್ಲಿ ವಾರವಾರವೂ ಮುಖ ನೋಡಬೇಕಾದವರು.

ಈಗ ಮಂಚವೂ ಬೀರುವೂ ಸೋಫಾಸೆಟ್ಟೂ ಕೊಳ್ಳೇಗಾಲದ ಅಥವಾ ಮೈಸೂರಿನ ಷೋರೂಮಿನಿಂದ, ಇಲ್ಲವೆ ಮೊಬೈಲಿನ ಪರದೆಯಿಂದ, ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿಳಿಯುತ್ತವೆ. ನೋಟಕ್ಕೆ ತೇಗದಂತೆಯೇ ಕಾಣುವ ಹಲಗೆಯ ಮೇಲುಪೊರೆಯನ್ನು ಒಂದು ಮೂಲೆಯಲ್ಲಿ ಕಿತ್ತು ನೋಡಿದರೆ ಒಳಗಿರುವುದು ಅಂಟಿನೊಡನೆ ಕಲಸಿ ಒತ್ತಿದ ಮರದ ಚೂರು. ಇದಕ್ಕೆ ಪಾರ್ಟಿಕಲ್ ಬೋರ್ಡೆಂದು ಹೆಸರು. ಇದು ತನ್ನಷ್ಟಕ್ಕೆ ನಿಕೃಷ್ಟ ವಸ್ತುವೇನಲ್ಲ, ಅಗ್ಗದ ಬೆಲೆಗೆ ತಕ್ಕ ವಸ್ತು. ಆದರೆ ಸ್ಕ್ರೂ ಹಿಡಿದಿರುವ ಸ್ಥಳದಲ್ಲಿ ಭಾರ ಬಿದ್ದು ಬಿದ್ದು ರಂಧ್ರವು ಸಡಿಲವಾಗಿ, ಒಂದು ದಿನ ಸ್ಕ್ರೂವು ಹಿಡಿ ಹೊಟ್ಟಿನೊಡನೆ ಕಳಚಿ ಕೈಗೇ ಬಂದಿತೆಂದರೆ, ಬೆಣೆ ಹೊಡೆಯುವುದಕ್ಕೆ ಅಲ್ಲಿ ಮರವೇ ಇರುವುದಿಲ್ಲ. ನೆಲ ಒರೆಸುವ ನೀರು ತಗುಲಿ ತಗುಲಿ ಬುಡವು ಉಬ್ಬಿದ ಬೀರುವಿನ ಗತಿಯೂ ಇದೇ. ರಿಪೇರಿಯು ಅಸಾಧ್ಯವಾದ ಇಂಥ ವಸ್ತುವಿಗೆ ಬದಲಿಯೇ ಪರಿಹಾರ. ಆ ಬದಲಿಯೂ ಇಲ್ಲವಾದರೆ ಏನೆಂಬುದೇ ಈ ಲೇಖನದ ಪ್ರಶ್ನೆ.

ಮಾಂಬಳ್ಳಿಯ ಒಂದು ಮನೆಯವರು ಮೂರು ವರ್ಷದ ವಾರಂಟಿಯ ಮೇಲೆ ನಲವತ್ತು ಸಾವಿರ ರೂಪಾಯಿ ತೆತ್ತು ಮಂಚವೊಂದನ್ನು ಕೊಂಡರೆಂದೂ, ಒಂದೂವರೆ ವರ್ಷದಲ್ಲಿ ಅದರ ಪಕ್ಕದ ಪಟ್ಟಿ ಸೀಳಿತೆಂದೂ ಭಾವಿಸೋಣ. ಅಂಗಡಿಗೆ ಹೋದರೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬರುವ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ: "ಆ ಮಾಡಲ್ಲು ಬರೋದೇ ನಿಂತೋಗದೆ ಸಾ. ಬೇರೇದು ಯಾವ್ದಾರ ನೋಡಿ, ಮೇಲಿನ ದುಡ್ಡು ಕೊಟ್ಬುಡಿ." ಮಾತು ವಿನಯದ್ದೇ, ಕಂಪನಿಯು ಆ ಮಾದರಿಯನ್ನು ನಿಲ್ಲಿಸಿರುವುದೂ ನಿಜವಿರಬಹುದು. ಆದರೆ ಬದಲಿ ಇಲ್ಲದಿರುವುದು ಮಾರಿದವನ ಅನಾನುಕೂಲವೇ ಹೊರತು ಕೊಂಡವನ ಹಕ್ಕಿನ ಅವಸಾನವಲ್ಲ.

1930ರ ಸರಕು ಮಾರಾಟ ಕಾಯಿದೆಯ 16ನೆಯ ಪ್ರಕರಣವು, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅಂಥ ಸರಕನ್ನೇ ಮಾರುವುದು ಕಸುಬಾಗಿರುವವನ ಅರಿವನ್ನು ನಂಬಿ ಕೊಂಡನಾದರೆ, ಆ ಸರಕು ಆ ಉದ್ದೇಶಕ್ಕೆ ಯುಕ್ತಮಟ್ಟಿಗೆ ತಕ್ಕುದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಒಪ್ಪಂದದಲ್ಲಿ ಅಡಗಿರುತ್ತದೆಂದು ವಿಧಿಸಿದೆ. ಮಂಚವನ್ನು ಕೊಂಡವನು ಮಲಗುವುದಕ್ಕೆ ಕೊಂಡನೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಷ್ಟೆ. ಅಚ್ಚಾದ ವಾರಂಟಿ ಕಾರ್ಡು ಈ ರಕ್ಷಣೆಯ ಮೇಲೆ ಸೇರಿದ್ದೇ ಹೊರತು ಅದರ ಸ್ಥಾನವನ್ನು ಆಕ್ರಮಿಸಿದ್ದಲ್ಲ.

ಇದಕ್ಕಿಂತ ಸುಲಭವಾದ ಮಾರ್ಗವು 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯಿದೆಯಿಂದ ತೆರೆಯಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಈ ಕಾಯಿದೆಯ 39ನೆಯ ಪ್ರಕರಣವನ್ನು ಪ್ರತಿಯೊಬ್ಬ ಗೃಹಸ್ಥನೂ ಒಮ್ಮೆ ಓದಿಕೊಳ್ಳತಕ್ಕದ್ದು. ದೋಷವು ಸಾಬೀತಾದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವು ಆ ದೋಷವನ್ನು ಸರಿಪಡಿಸೆಂದು ಆಜ್ಞಾಪಿಸಬಹುದು. ಅದೇ ಬಗೆಯ, ದೋಷರಹಿತವಾದ ಹೊಸ ವಸ್ತುವನ್ನು ಕೊಡೆಂದು ಆಜ್ಞಾಪಿಸಬಹುದು. ತೆತ್ತ ಬೆಲೆಯನ್ನು ತಾನು ಗೊತ್ತುಮಾಡುವ ಬಡ್ಡಿಯೊಡನೆ ಹಿಂದಿರುಗಿಸೆಂದೂ ಆಜ್ಞಾಪಿಸಬಹುದು. ಎದುರು ಪಕ್ಷದ ಅಲಕ್ಷ್ಯದಿಂದ ಉಂಟಾದ ನಷ್ಟಕ್ಕೆ ಪರಿಹಾರವನ್ನೂ ದಾವೆಯ ಖರ್ಚನ್ನೂ ಕೊಡಿಸಬಹುದು. ರಿಪೇರಿಯ ದಾರಿಯೂ ಬದಲಿಯ ದಾರಿಯೂ ಮುಚ್ಚಿಹೋದ ಮೇಲೆ ಉಳಿಯುವುದು ಹಣ. ಅಂಗಡಿಯವನು ಮುಂದೆ ಚಾಚುವ ಕ್ರೆಡಿಟ್ ನೋಟಲ್ಲ, ಕೂಪನ್ನಲ್ಲ, "ಮೇಲಿನ ದುಡ್ಡು" ಕೊಟ್ಟು ಕೊಳ್ಳುವ ಮತ್ತೊಂದು ಮಾದರಿಯಲ್ಲ. ಬೇರೆ ಮಾದರಿ ಮನಸ್ಸಿಗೆ ಒಪ್ಪಿದರೆ ತೆಗೆದುಕೊಳ್ಳಲಿ, ಅಡ್ಡಿಯಿಲ್ಲ; ಒಪ್ಪಲೇಬೇಕೆಂಬ ನಿರ್ಬಂಧ ಮಾತ್ರ ಇಲ್ಲ. ಇನ್ನೊಂದು ಕಡೆ, ಒಂದು ಕೀಲು ಬದಲಿಸಿದರೆ ಸರಿಹೋಗುವ ಬೀರುವಿಗೆ ಪೂರ್ತಿ ಬೆಲೆಯನ್ನು ಬಡ್ಡಿಸಹಿತ ಕೇಳುವವರನ್ನೂ ಕಂಡಿದ್ದೇನೆ. ಅಂಥವರಿಗೆ ಆಯೋಗವು ರಿಪೇರಿಯನ್ನಷ್ಟೆ ಕೊಡಿಸಿದರೆ ಅನ್ಯಾಯವೆನ್ನಲಾಗದು.

ಕೊಂಡ ವಸ್ತುವನ್ನು ಹಿಂದಿರುಗಿಸುವ ವಿಚಾರವು ಪಶ್ಚಿಮದಿಂದ ಬಂದ ನೂತನ ಕಲ್ಪನೆಯೆಂದು ತಿಳಿದವರಿಗಾಗಿ ಒಂದು ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕ್ರಯವಿಕ್ರಯದ ಅನುಶಯಕ್ಕೆಂದೇ ಒಂದು ಪ್ರಕರಣವಿದ್ದು, ವ್ಯಾಪಾರವನ್ನು ಹಿಂತೆಗೆದುಕೊಳ್ಳುವುದಕ್ಕೆ ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಅವಧಿಯನ್ನು ಅಲ್ಲಿ ಗೊತ್ತುಮಾಡಿದೆ. ಪಣ್ಯದ ದೋಷವು ವ್ಯವಹಾರವನ್ನು ಮುರಿಯಲು ಸಾಕಷ್ಟು ಕಾರಣವೆಂದೂ ಎಣಿಸಿದೆ. ನಮ್ಮ ಕಾಲದ ಕಾಯಿದೆ ಇನ್ನೂ ಉದಾರವಾದುದು: ಬಿಲ್ಲಿನಲ್ಲಿ ನಮೂದಾದ ಅವಧಿಯೊಳಗೆ, ಅವಧಿಯೇ ನಮೂದಾಗದಿದ್ದರೆ ಮೂವತ್ತು ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ಹಾಗೆ ನೋಡಿದರೆ "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂದು ಬಿಲ್ಲಿನ ಬುಡದಲ್ಲಿ ಅಚ್ಚಾಗಿರುವ ಸಾಲಿಗೆ, ದೋಷವಿರುವ ವಸ್ತುವಿನ ಮಟ್ಟಿಗೆ, ಮಸಿಯ ಬೆಲೆಯೂ ಇಲ್ಲ.

ಬಿಲ್ಲಿನ ಮಾತು ಬಂದದ್ದರಿಂದ ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ಗ್ರಾಹಕರು ಸೋಲುವುದು ಕಾನೂನಿನ ಕೊರತೆಯಿಂದಲ್ಲ, ಕಾಗದದ ಕೊರತೆಯಿಂದ. ಜಿಎಸ್‌ಟಿ ಉಳಿಯುತ್ತದೆಂಬ ಆಸೆಗೆ ಪಕ್ಕಾ ಬಿಲ್ಲು ಬೇಡವೆಂದು, ಅಂಗಡಿಯ ಹೆಸರೂ ಇಲ್ಲದ ಎಸ್ಟಿಮೇಟ್ ಚೀಟಿಯನ್ನು ಜೇಬಿಗಿಳಿಸಿ ಬರುವವನಿಗೆ ಮುಂದೆ ತನ್ನ ಕೊಳ್ಳುವಿಕೆಯನ್ನು ರುಜುವಾತುಪಡಿಸುವುದೇ ಪ್ರಯಾಸವಾಗುತ್ತದೆ. ವಾರಂಟಿ ಕಾರ್ಡಿಗೆ ಮೊಹರೂ ತಾರೀಖೂ ಬಿದ್ದಿರಬೇಕು. ದೋಷ ಕಂಡ ದಿನವೇ ಅದರ ಫೋಟೋ ತೆಗೆದು ಅಂಗಡಿಗೂ ಕಂಪನಿಗೂ ಕಳುಹಿಸಿರಬೇಕು. ಮೆಕ್ಯಾನಿಕ್ಕು ಬಂದುಹೋದರೆ ಅವನ ಚೀಟಿಯನ್ನು ಕೇಳಿ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ಮಾಡಲ್ಲು ನಿಂತುಹೋಗಿದೆ" ಎಂಬ ಮಾತನ್ನು ವಾಟ್ಸಾಪಿನಲ್ಲಾದರೂ ಸರಿಯೆ, ಅಕ್ಷರದಲ್ಲಿ ಬರಮಾಡಿಕೊಳ್ಳಬೇಕು. ಬದಲಿ ಕೊಡಲಾಗದೆಂದು ಅವರೇ ಬರೆದುಕೊಟ್ಟ ಆ ಒಂದು ಸಾಲು ಗ್ರಾಹಕನ ಕೈಯಲ್ಲಿ ಬಲವಾದ ಸಾಕ್ಷ್ಯ.

ಅಂಗಡಿಯವನು ಕಂಪನಿಯನ್ನು ಕೇಳೆನ್ನುತ್ತಾನೆ, ಕಂಪನಿಯವರು ಅಂಗಡಿಯನ್ನು ಕೇಳೆನ್ನುತ್ತಾರೆ. ಇವರ ಮಧ್ಯೆ ಓಡಾಡುವುದಕ್ಕಿಂತ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದೇ ಲೇಸು. ವ್ಯಾಜ್ಯವೇನಿದ್ದರೂ ದೂರದ ಯಾವುದೋ ನಗರದ ನ್ಯಾಯಾಲಯದಲ್ಲೇ ಎಂದು ಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದ್ದರೂ ಹೆದರಬೇಕಾಗಿಲ್ಲ: 2019ರ ಕಾಯಿದೆಯ ಪ್ರಕಾರ ದೂರುದಾರನು ವಾಸವಿರುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಮಾಂಬಳ್ಳಿಯವರಿಗೆ ಅದು ಸಂತೇಮರಹಳ್ಳಿಯ ಮಾರ್ಗವಾಗಿ ಹೋದರೆ ಸಿಕ್ಕುವ ಚಾಮರಾಜನಗರ. ಹೋಗಲಾಗದವರು ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದಾಖಲಿಸಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಎದುರುದಾರನು ಮೂವತ್ತು ದಿನಗಳಲ್ಲಿ, ಅವಕಾಶ ಪಡೆದರೆ ಮತ್ತೆ ಹದಿನೈದು ದಿನಗಳಲ್ಲಿ ಉತ್ತರ ಕೊಡಬೇಕು. ಆ ನಲವತ್ತೈದನ್ನು ಮೀರಿ ವಿಳಂಬವನ್ನು ಮನ್ನಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರಲ್ಲಿ, ಹಳೆಯ ಕಾಯಿದೆಯ ಇಂಥದೇ ನಿಯಮವನ್ನು ಕುರಿತು, ತೀರ್ಪಿತ್ತಿದೆ. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನವಾಗಬೇಕೆಂದು ಕಾಯಿದೆ ಬಯಸುತ್ತದೆ. ವಾಸ್ತವದಲ್ಲಿ ಇದಕ್ಕಿಂತ ದೀರ್ಘಕಾಲ ಹಿಡಿಯುವುದು ಅಪರೂಪವಲ್ಲ.

ಲಾಡ್ಜಿಗೋ ಛತ್ರಕ್ಕೋ ಲಾಭದ ಉದ್ದೇಶದಿಂದ ಹತ್ತಾರು ಮಂಚಗಳನ್ನು ಕೊಂಡವರಿಗೆ ಈ ಕಾಯಿದೆ ಸಾಮಾನ್ಯವಾಗಿ ಸಲ್ಲದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ಸಣ್ಣ ಕಸುಬುದಾರನಿಗೆ ಸಲ್ಲುತ್ತದೆ. ದೂರು ಕೊಡಲು ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳ ಅವಧಿಯಿದೆ. ಆದೇಶವಾದ ಮೇಲೂ ಪಾಲಿಸದವರಿಗೆ ಒಂದು ತಿಂಗಳಿಗೆ ಕಡಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, ಅಥವಾ ಇಪ್ಪತ್ತೈದು ಸಾವಿರಕ್ಕೆ ಕಡಮೆಯಿಲ್ಲದೆ ಒಂದು ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ. ಇಷ್ಟೆಲ್ಲಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಒಂದು ಕರೆ ಮಾಡಿ ನೋಡಿರಿ; ಅಲ್ಲಿಯೂ ಬಗೆಹರಿಯದಿದ್ದರೆ, ಸೀಳಿದ ಮಂಚವನ್ನು ಗುಜರಿಗೆ ಹಾಕದೆ, ಆಯೋಗದ ಆದೇಶ ಬರುವತನಕ ಮನೆಯಲ್ಲೇ ಇಟ್ಟುಕೊಳ್ಳಿರಿ.