ಭಾರವಾದ ಮೈಗೆ ಗಟ್ಟಿಮುಟ್ಟಾದ ಸೈಕಲ್ಲು



ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದವರಿಗೆ ವೈದ್ಯರು ‘ತೂಕ ಇಳಿಸಿ’ ಎನ್ನುತ್ತಾರೆ. ಕೆಲವರು ಸೈಕಲ್ ಕೊಂಡು ಕೆಲಸಕ್ಕೆ ಅದರಲ್ಲೇ ಹೋಗತೊಡಗುತ್ತಾರೆ. ಕೆಲವೇ ತಿಂಗಳಲ್ಲಿ ಹಿಂದಿನ ಚಕ್ರದ ಕಡ್ಡಿ ಮುರಿಯುತ್ತದೆ, ಚಕ್ರ ಬೆಂಡಾಗುತ್ತದೆ. ‘ದಪ್ಪ ಮನುಷ್ಯನಿಗೆ ಸೈಕಲ್ಲು ಆಗಿಬರುವುದಿಲ್ಲ’ ಎಂದು ಅದನ್ನು ಮೂಲೆಗೆ ನಿಲ್ಲಿಸುತ್ತಾರೆ. ಹೀಗೆ ಹಣವೂ ಹೋಯಿತು, ವ್ಯಾಯಾಮವೂ ನಿಂತಿತು.

ಹಾಲು ಹಾಕುವವರ ಲೆಕ್ಕ ನೋಡಿ. 60 ಕಿಲೋ ತೂಗುವ ಮನುಷ್ಯ 20 ಲೀಟರಿನ ಎರಡು ಕ್ಯಾನು ಹಾಲು ಹೇರಿಕೊಂಡರೆ, ಕ್ಯಾನಿನ ತೂಕ ಬಿಟ್ಟೇ 100 ಕಿಲೋ ದಾಟುತ್ತದೆ. ಹಳೆಯ ಮಾದರಿಯ ದೊಡ್ಡ ಕಪ್ಪು ಸೈಕಲ್ಲು ಅದನ್ನು ದಿನವೂ ಹೊರುತ್ತದೆ. ಆದ್ದರಿಂದ ಭಾರವಾದವರು ಕೊಳ್ಳುವಾಗ ಗಮನಿಸಬೇಕಾದ್ದು ಇಷ್ಟು:

1. ಹಿಂದಿನ ಚಕ್ರ: ನೆಟ್ಟಗೆ ಕುಳಿತು ತುಳಿಯುವವರ ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಅದಕ್ಕೇ ಹಳೆಯ ಮಾದರಿಯಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತವೆ. ಬಣ್ಣ ನೋಡುವ ಮೊದಲು ಕಡ್ಡಿ ಎಣಿಸಿ. 36ಕ್ಕಿಂತ ಕಡಿಮೆ ಇದ್ದರೆ ಬೇಡ.

2. ಟೈರು: ಅಗಲವಾದ ಟೈರು ಗುಂಡಿಯ ಪೆಟ್ಟನ್ನು ತಾನು ತಾಳಿಕೊಂಡು ರಿಮ್ಮನ್ನು ಕಾಪಾಡುತ್ತದೆ. ಗಾಳಿ ಕಡಿಮೆಯಾದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ವಾರಕ್ಕೊಮ್ಮೆ ಗಾಳಿ ಹಾಕಿಸಿ. ಹಿಂದೂಪುರ, ಕಲ್ಯಾಣದುರ್ಗದ ಕಡೆ ಹೊಲದ ದಾರಿಯಲ್ಲಿ ಓಡಾಡುವವರು ಬಳ್ಳಾರಿ ಜಾಲಿಯ ಮುಳ್ಳನ್ನು ಮರೆಯಬಾರದು; ದಪ್ಪ ಟೈರು ಅದಕ್ಕೂ ಒಳ್ಳೆಯದು.

3. ಫ್ರೇಮು: ಉಕ್ಕಿನದು ಸಾಕು. ಮೇಲೆ ಎರಡು ಬಾರ್ ಇರುವುದು ಇನ್ನೂ ಗಟ್ಟಿ. ಸೀರೆ ಉಡುವ ಸಹೋದರಿಯರು ಬಾಗಿದ ಬಾರಿನದನ್ನೇ ಕೊಳ್ಳಬೇಕಾದರೆ ಅಲ್ಲಿಯೂ ಜೋಡಿ ಕೊಳವೆ ಇರುವುದನ್ನು ಆರಿಸಲಿ. ತಯಾರಕರು ಸೂಚಿಸಿದ ಭಾರದ ಮಿತಿಯನ್ನು ಕೇಳಿ ತಿಳಿಯಿರಿ. ನಿಮ್ಮ ತೂಕಕ್ಕೆ ಚೀಲ, ಬುತ್ತಿಯ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

4. ಬ್ರೇಕು: ಭಾರ ಹೆಚ್ಚಿದಷ್ಟೂ ನಿಲ್ಲಿಸಲು ಹೆಚ್ಚು ಬಲ ಬೇಕು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರ್ ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಹಿಡಿತ ಹೆಚ್ಚು. ಇಳಿಜಾರಿನಲ್ಲಿ ಮೊದಲೇ ವೇಗ ತಗ್ಗಿಸಿ.

5. ಸೀಟು ಮತ್ತು ಮೊಣಕಾಲು: ಸ್ಪ್ರಿಂಗ್ ಇರುವ ಅಗಲ ಸೀಟು ಇರಲಿ. ಪೆಡಲು ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಅಷ್ಟು ಎತ್ತರ. ಸೀಟು ತಗ್ಗಿದ್ದರೆ ಮೊಣಕಾಲು ನೋಯುತ್ತದೆ. ಏರುದಾರಿ ಇದ್ದವರು 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಅಥವಾ 22 ಹಲ್ಲಿನದು ಹಾಕಿಸಿಕೊಳ್ಳಬಹುದು. ವೇಗ ಸ್ವಲ್ಪ ತಗ್ಗಿದರೂ ತುಳಿಯುವುದು ಹಗುರ.

ಕೊಂಡ ಮೇಲೆ ಒಂದು ಕೆಲಸ ಬಾಕಿ. ಹೊಸ ಚಕ್ರದ ಕಡ್ಡಿಗಳು ಮೊದಲ ವಾರಗಳಲ್ಲಿ ಸಡಿಲಾಗುತ್ತವೆ. ಸಡಿಲಾದ ಕಡ್ಡಿ ಪ್ರತಿ ಸುತ್ತಿಗೂ ಅಲುಗಾಡುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ ಅದೂ ಒಂದು ದಿನ ಮುರಿಯುತ್ತದೆ. ಒಂದು ತಿಂಗಳೊಳಗೆ ರಿಪೇರಿಯವರಿಂದ ಎಲ್ಲ ಕಡ್ಡಿಗಳನ್ನೂ ಸಮನಾಗಿ ಬಿಗಿಸಿ, ಬೆಂಡು ತೆಗೆಸಿ. ಒಂದು ಕಡ್ಡಿ ಮುರಿದರೆ ಕೂಡಲೇ ಹಾಕಿಸಿ, ಅದರ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ.

ಎಷ್ಟು ತುಳಿಯಬೇಕು? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೆಲಸಕ್ಕೆ ಹೋಗಲು 15 ನಿಮಿಷ, ಬರಲು 15 ನಿಮಿಷ, ಹೀಗೆ ವಾರಕ್ಕೆ ಐದು ದಿನ ತುಳಿದರೆ ಅಷ್ಟಾಯಿತು. ಮೊದಲ ವಾರ ಹತ್ತು ನಿಮಿಷದಿಂದ ಆರಂಭಿಸಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಿ. ಬೆವರಿ, ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಸಕ್ಕರೆ ಇರಲಿ. ಎದೆ ನೋವು ಬಂದರೆ ಅಲ್ಲೇ ಇಳಿದು ಸಹಾಯಕ್ಕೆ ಕರೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ.