ಮೆಫ್ಟಾಲ್ ಗುಳಿಗೆ ವಿಷವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಮೆಫ್ಟಾಲ್ ಅಪಾಯಕಾರಿ ಎಂದು ಸರ್ಕಾರವೇ ಹೇಳಿದೆ, ಮನೆಯಲ್ಲಿದ್ದರೆ ಎಸೆಯಿರಿ" ಎಂಬಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿದೆಯೇ? ಅದರಲ್ಲಿ ಅರ್ಧ ಮಾತ್ರ ನಿಜ.

ಸರ್ಕಾರ ಹೇಳಿದ್ದೇನು?

2023ರ ನವೆಂಬರ್ 30ರಂದು ಗಾಜಿಯಾಬಾದ್‌ನ ಭಾರತೀಯ ಫಾರ್ಮಾಕೋಪಿಯಾ ಆಯೋಗ ಒಂದು ಎಚ್ಚರಿಕೆ ನೀಡಿತು. ಮೆಫ್ಟಾಲ್‌ನಲ್ಲಿರುವ ಔಷಧ ಮೆಫೆನಾಮಿಕ್ ಆಸಿಡ್. ಮುಟ್ಟಿನ ನೋವು, ಕೀಲುನೋವು, ಹಲ್ಲುನೋವು, ಜ್ವರಕ್ಕೆ ಇದನ್ನು ಕೊಡುತ್ತಾರೆ. ಇದರಿಂದ 'ಡ್ರೆಸ್' ಎಂಬ ತೀವ್ರ ಅಲರ್ಜಿ ಆಗಬಹುದು, ಗಮನವಿಡಿ ಎಂದು ಆಯೋಗ ವೈದ್ಯರಿಗೂ ರೋಗಿಗಳಿಗೂ ತಿಳಿಸಿತು. ಆ ಎಚ್ಚರಿಕೆ ಔಷಧದ ನಿಷೇಧವಲ್ಲ.

ಡ್ರೆಸ್ ಅಪರೂಪ, ಆದರೆ ಜೀವಕ್ಕೇ ಅಪಾಯ ತರಬಲ್ಲದು. ಗುಳಿಗೆ ಶುರು ಮಾಡಿದ 2ರಿಂದ 8 ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ ಗುಳಿಗೆಯೇ ಕಾರಣ ಎಂದು ಹೊಳೆಯುವುದಿಲ್ಲ. ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳಿಂದಲೂ ಇದು ಬರುತ್ತದೆ.

ಈ ಲಕ್ಷಣಗಳಿದ್ದರೆ ಕಾಯಬೇಡಿ

• ಜ್ವರದ ಜೊತೆ ಮೈಮೇಲೆ ಕೆಂಪು ದದ್ದು
• ಮುಖ ಊದುವುದು, ಕುತ್ತಿಗೆಯಲ್ಲಿ ಗಂಟು
• ಕಣ್ಣು ಹಳದಿಯಾಗುವುದು
• ಕಪ್ಪು ಮಲ, ರಕ್ತವಾಂತಿ

ಎಲ್ಲ ಚೀಟಿ, ಗುಳಿಗೆ ಪಟ್ಟಿಗಳ ಜೊತೆ ಅಂದೇ ದವಾಖಾನೆಗೆ ಹೋಗಿ. ಭಾಲ್ಕಿ, ಔರಾದ್‌ನಲ್ಲಿ ತಾಲ್ಲೂಕು ಆಸ್ಪತ್ರೆ, ಬೀದರ್‌ನಲ್ಲಿ ಬ್ರಿಮ್ಸ್ ಇದೆ. ತುಟಿ ಊದಿ ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ಹೆಸರು ಎರಡು, ಔಷಧ ಒಂದೇ

ಡ್ರೆಸ್‌ಗಿಂತ ಹೆಚ್ಚಾಗಿ ಆಗುವ ತೊಂದರೆ ಇನ್ನೊಂದಿದೆ. ಔರಾದ್, ಭಾಲ್ಕಿಯವರು ಉದಗೀರ್‌ಗೂ ಹೋಗುತ್ತಾರೆ, ಬೀದರ್‌ನವರು ಹೈದರಾಬಾದ್‌ಗೂ ಹೋಗುತ್ತಾರೆ. ಅಲ್ಲಿಯ ಡಾಕ್ಟರಿಗೆ ಇಲ್ಲಿಯ ಚೀಟಿ ತೋರಿಸದಿದ್ದರೆ ಒಂದೇ ಔಷಧ ಬೇರೆ ಹೆಸರಲ್ಲಿ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಡೋಲೋದಲ್ಲಿ ಪ್ಯಾರಾಸಿಟಮಾಲ್ ಇದೆ, ಕಾಂಬಿಫ್ಲಾಮ್‌ನಲ್ಲೂ ಇದೆ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್ ಹಾಳಾಗುತ್ತದೆ. ಎರಡು ಬಗೆಯ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಬಿಪಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಹೀಗಾಗಿ ಕಂಪನಿ ಹೆಸರಿನ ಹತ್ತಿರ ಬರೆದಿರುವ ಔಷಧದ ಹೆಸರು ನೋಡಿ. ಓದಲಾಗದಿದ್ದರೆ ಮೆಡಿಕಲ್‌ನವರನ್ನೇ ಕೇಳಿ: "ಇವೆರಡರಲ್ಲಿ ಒಂದೇ ಔಷಧ ಇದೆಯಾ?" ಪಕ್ಕದ ಮನೆಯವರಿಗೆ ಬರೆದ ಗುಳಿಗೆ, ಹೋದ ವರ್ಷದ ಚೀಟಿ ಎರಡೂ ಬೇಡ. ಪಟ್ಟಿಗಳ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಯಾವ ಊರಿನ ಡಾಕ್ಟರಿಗಾದರೂ ತೋರಿಸಬಹುದು.

ಫಾರ್ವರ್ಡ್ ನೋಡಿ ಗುಳಿಗೆ ಬಿಡಬಹುದೇ?

ಬೇಡ. ಬಿಪಿ ಗುಳಿಗೆ ಥಟ್ಟನೆ ಬಿಟ್ಟರೆ ಬಿಪಿ ಏರಬಹುದು, ಫಿಟ್ಸ್ ಗುಳಿಗೆ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಅನುಮಾನ ಬಂದರೆ ಮೊದಲು ಡಾಕ್ಟರನ್ನು ಕೇಳಿ. ಮೇಲಿನ ಅಪಾಯದ ಲಕ್ಷಣಗಳಿದ್ದರೆ ಮಾತ್ರ ಮುಂದಿನ ಗುಳಿಗೆ ನುಂಗುವ ಮೊದಲೇ ದವಾಖಾನೆ ತಲುಪಿ.

ಅಡ್ಡಪರಿಣಾಮವನ್ನು ನೀವೇ ತಿಳಿಸಬಹುದು

2010ರಿಂದ ದೇಶದಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕಾರ್ಯಕ್ರಮವಿದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ. ರೋಗಿಗಳು ತುಂಬುವ ಫಾರಂ ಕನ್ನಡದಲ್ಲೂ ಇದೆ. ಗುಳಿಗೆಯೇ ಕಾರಣ ಎಂದು ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಮೆಫೆನಾಮಿಕ್ ಆಸಿಡ್‌ನ ಎಚ್ಚರಿಕೆ ಹೊರಬಂದದ್ದೂ ಹೀಗೆ ದಾಖಲಾದ ವರದಿಗಳ ಪರಿಶೀಲನೆಯಿಂದಲೇ.

ಗ್ರೂಪಿಗೆ ಕಳಿಸುವುದಾದರೆ ಈ ನಂಬರ್ ಕಳಿಸಿ.