ನರರೋಗ ತಜ್ಞರ ಮೊದಲ ಭೇಟಿಗೆ ಮುನ್ನ



ಬಹಳ ದಿನ ಕಾದ ಮೇಲೆ ಆಸ್ಪತ್ರೆಯಿಂದ ಕಾಗದ ಬರುತ್ತದೆ. ಇಂಥ ದಿನ, ಇಂಥ ಹೊತ್ತಿಗೆ ನ್ಯೂರಾಲಜಿಸ್ಟರನ್ನು ಕಾಣಬೇಕು ಎಂದು. ಮನೆಯಲ್ಲಿ ಎಲ್ಲರೂ ಸ್ಕ್ಯಾನ್ ಬಗ್ಗೆಯೇ ಮಾತಾಡುತ್ತಾರೆ. ಆದರೆ ನರರೋಗಗಳಲ್ಲಿ ತಜ್ಞರಿಗೆ ಹೆಚ್ಚು ದಾರಿ ತೋರಿಸುವುದು ರೋಗಿ ಮತ್ತು ಮನೆಯವರು ಹೇಳುವ ವಿವರ. ಫಿಟ್ಸ್ ಬರುವವರ ಎಂಆರ್‌ಐ, ಇಇಜಿ ಎರಡೂ ನಾರ್ಮಲ್ ಎಂದು ಬರುವುದುಂಟು. ಸಾಫ್ಟ್‌ವೇರ್‌ನಲ್ಲಿರುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ: "ಪ್ರೋಗ್ರಾಂ ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳಿದರೆ ಬಗ್ ಸಿಗುವುದಿಲ್ಲ, ಏನು ಮಾಡುವಾಗ ನಿಂತಿತು ಎಂದು ಹೇಳಬೇಕು.

ಒಂದು ಉದಾಹರಣೆ ಕೊಡುತ್ತೇವೆ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬಿಸಿನೀರಿನ ಅಪಸ್ಮಾರ ಎಂದೇ ಅದಕ್ಕೆ ಹೆಸರು. ಇದರ ಮೊದಲ ವರದಿ ಬಂದದ್ದು ನಾವಿರುವ ಈ ನ್ಯೂಜಿಲೆಂಡಿನಲ್ಲೇ! 1945ರಲ್ಲಿ ಅಲೆನ್ ಎಂಬ ವೈದ್ಯರು ಹತ್ತು ವರ್ಷದ ಹುಡುಗನೊಬ್ಬನ ಬಗ್ಗೆ ಇಲ್ಲಿನ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಆದರೆ ರೋಗಿಗಳು ಹೆಚ್ಚಾಗಿ ಕಂಡುಬಂದದ್ದು ನಮ್ಮ ಕಡೆ. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ಅಧ್ಯಯನ ಪ್ರಕಟಿಸಿದರು. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಮೊಗೆದು ನೆತ್ತಿಯ ಮೇಲೆ ಒಂದೇ ಸಮನೆ ಸುರಿದುಕೊಳ್ಳುವ ನಮ್ಮ ಎಣ್ಣೆಸ್ನಾನ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಇಲ್ಲಿನ ತಜ್ಞರು ನಿದ್ದೆಯ ಬಗ್ಗೆ ಕೇಳುತ್ತಾರೆ, ಮದ್ಯದ ಬಗ್ಗೆ ಕೇಳುತ್ತಾರೆ. "ಸ್ನಾನ ಹೇಗೆ ಮಾಡುತ್ತೀರಿ?" ಎಂದು ಕೇಳಲಿಕ್ಕಿಲ್ಲ. ನಾವೂ "ಬಾತ್‌ರೂಮಿನಲ್ಲಿ ಬಿದ್ದರು" ಎಂದು ಹೇಳಿ ಸುಮ್ಮನಾದರೆ ಮುಖ್ಯ ಸುಳಿವೇ ತಪ್ಪಿಹೋಯಿತು. ಈ ಕಾಯಿಲೆಯ ಅನೇಕರಿಗೆ ನೀರಿನ ಬಿಸಿ ತಗ್ಗಿಸುವುದು, ಬೇಕಾದರೆ ತಲೆಸ್ನಾನಕ್ಕೆ ಮುಂಚೆ ವೈದ್ಯರು ಬರೆದುಕೊಟ್ಟ ಒಂದು ಮಾತ್ರೆ, ಇಷ್ಟೇ ಸಾಕಾಗುತ್ತದೆ. ಗೊತ್ತಾಗದಿದ್ದರೆ ವರ್ಷಗಟ್ಟಲೆ ದಿನವೂ ಮಾತ್ರೆ ನುಂಗುವ ಪಾಡು.

ಹೀಗೆ ಅವರು ಕೇಳದಿದ್ದರೂ ನಾವೇ ಹೇಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಹುಟ್ಟಿ ಬೆಳೆದದ್ದು ಎಲ್ಲಿ, ಊರಿಗೆ ಕೊನೆಯ ಬಾರಿ ಹೋಗಿ ಬಂದದ್ದು ಯಾವಾಗ ಎಂದು ಹೇಳಿ. ಭಾರತದಲ್ಲಿ ಫಿಟ್ಸ್‌ಗೆ ಒಂದು ಸಾಮಾನ್ಯ ಕಾರಣ ಮಿದುಳಿಗೆ ಸೇರುವ ಲಾಡಿಹುಳುವಿನ ಮರಿಗಳು. ಅದು ಹಂದಿಮಾಂಸ ತಿನ್ನುವವರ ಕಾಯಿಲೆ, ನಮಗೇನು ಎನ್ನಬೇಡಿ. ಹುಳುವಿನ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪು ತರಕಾರಿ, ಕೊಳಕು ನೀರಿನಿಂದಲೂ ಹೊಟ್ಟೆ ಸೇರುವುದರಿಂದ ಅಪ್ಪಟ ಸಸ್ಯಾಹಾರಿಗಳಿಗೂ ಬರುತ್ತದೆ. ಸಸ್ಯಾಹಾರಿಗಳು ಆ ಮಾತನ್ನು ಮೊದಲೇ ಹೇಳುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಬಿ12 ಜೀವಸತ್ವ ಕಡಿಮೆಯಾದರೆ ಕಾಲು ಜೋಮು, ಪಾದದ ಉರಿ, ನಡಿಗೆಯಲ್ಲಿ ತೂರಾಟ, ಮರೆವು ಎಲ್ಲ ಬರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಇನ್ನಷ್ಟು ಇಳಿಯುತ್ತದೆ. ಊರಿನಿಂದ ತಂದ ಭಸ್ಮ, ಲೇಹ್ಯಗಳನ್ನೂ ಮುಚ್ಚಿಡಬೇಡಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುವುದುಂಟು, ಎರಡೂ ನರಗಳಿಗೆ ವಿಷ.

ಫಿಟ್ಸ್ ವಿಷಯದಲ್ಲಿ ರೋಗಿಗೆ ಅನೇಕ ವೇಳೆ ಏನೂ ನೆನಪಿರುವುದಿಲ್ಲ. ಆದ್ದರಿಂದ ಕಣ್ಣಾರೆ ಕಂಡವರು ಜೊತೆಗೆ ಹೋಗಲೇಬೇಕು. ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಸೆಳೆತ ಯಾವ ಕಡೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ನಾಲಗೆ ಕಚ್ಚಿಕೊಂಡರೇ, ಎದ್ದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದರು ಎಂಬುದೆಲ್ಲ ಬೇಕು. ನಮ್ಮಲ್ಲಿ ಅಂಥ ಹೊತ್ತಿನಲ್ಲಿ ಎಲ್ಲರೂ ಕೈಗೆ ಕೊಡಲು ಕಬ್ಬಿಣದ ಬೀಗದಕೈ ಹುಡುಕುತ್ತಾ ಓಡುತ್ತಾರೆ, ಗಡಿಯಾರ ನೋಡುವವರೇ ಇರುವುದಿಲ್ಲ! ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಒಳ್ಳೆಯದು. ಒಂದು ನಿಮಿಷದ ವಿಡಿಯೋ ತಜ್ಞರಿಗೆ ಹತ್ತು ಪುಟದ ವರ್ಣನೆಗಿಂತ ಹೆಚ್ಚು ತಿಳಿಸುತ್ತದೆ. ಐದು ನಿಮಿಷ ಮೀರಿದರೆ 111ಕ್ಕೆ ಕರೆ ಮಾಡಿ. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೂ ಕಾಯದೆ 111ಕ್ಕೇ ಕರೆ ಮಾಡಿ.

ಇನ್ನು ಮುಚ್ಚಿಡುವ ರೋಗ. ಮಗಳ ಮದುವೆಗೆ ತೊಂದರೆಯಾದೀತೆಂದು ಚಿಕ್ಕಂದಿನ ಮೂರ್ಛೆ, ಸೋದರಮಾವನ ಅಪಸ್ಮಾರ ಯಾವುದನ್ನೂ ಹೇಳದ ಮನೆಗಳಿವೆ. ಹಿಂದೂ ವಿವಾಹ ಕಾಯಿದೆಯಿಂದಲೇ ಅಪಸ್ಮಾರವನ್ನು 1999ರಲ್ಲಿ ತೆಗೆದುಹಾಕಿದ್ದಾರೆ. ವೈದ್ಯರ ಮುಂದಂತೂ ಕುಟುಂಬದ ಇತಿಹಾಸ ಪೂರ್ತಿ ಬೇಕು. ಬೇಕಾದರೆ ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿ.

ಭಾಷೆಯ ತೊಡಕು ಸಣ್ಣದಲ್ಲ. ಅಮ್ಮ "ತಲೆ ಸುತ್ತು" ಎಂದರೆ ಕೋಣೆ ತಿರುಗಿದಂತೆಯೋ, ಕಣ್ಣು ಕತ್ತಲೆ ಬಂದಂತೆಯೋ, ನಡೆಯುವಾಗ ವಾಲಿದಂತೆಯೋ? ಮೂರಕ್ಕೂ ಕಾರಣ ಬೇರೆ ಬೇರೆ. "ನರ ದೌರ್ಬಲ್ಯ" ಎಂದು ಯಥಾವತ್ತಾಗಿ ಇಂಗ್ಲಿಷಿಗೆ ಇಳಿಸಿದರೆ ಯಾರಿಗೂ ಏನೂ ತಿಳಿಯದು. ನಾಲ್ಕು ದಿನ ಮುಂಚೆ ಅಮ್ಮನ ಜೊತೆ ಕುಳಿತು, ಅವರ ಮಾತಿನಲ್ಲೇ ಕೇಳಿ ಒಂದು ಪುಟ ಬರೆದಿಡಿ. 1996ರಿಂದ ಜಾರಿಯಲ್ಲಿರುವ ಇಲ್ಲಿನ ರೋಗಿಗಳ ಹಕ್ಕುಗಳ ಸಂಹಿತೆಯಲ್ಲಿ ಅಗತ್ಯವಿದ್ದಲ್ಲಿ, ಸಾಧ್ಯವಿದ್ದಷ್ಟು ದುಭಾಷಿಯ ನೆರವು ಪಡೆಯುವ ಹಕ್ಕಿದೆ, ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕೂ ಇದೆ. ಕಾಗದ ಬಂದ ಕೂಡಲೇ ಫೋನ್ ಮಾಡಿ "ಕನ್ನಡ" ಎಂದು ಬಿಡಿಸಿ ಹೇಳಿ, ಇಲ್ಲವಾದರೆ ಹಿಂದಿಯವರು ಬಂದು ಕುಳಿತಾರು. ಮೊಮ್ಮಕ್ಕಳನ್ನು ದುಭಾಷಿ ಮಾಡಬೇಡಿ. ಅಜ್ಜಿ ಮೊಮ್ಮಗನೆದುರು ಮೂತ್ರದ ತೊಂದರೆ ಹೇಳಿಕೊಳ್ಳುವುದಿಲ್ಲ.

ಊರಿನ ಕಾಗದಪತ್ರಗಳಲ್ಲಿ ಸ್ಕ್ಯಾನಿನ ಸಿ.ಡಿ. ಜೊತೆಗೆ ಬರಹದ ರಿಪೋರ್ಟನ್ನೂ ಒಯ್ಯಿರಿ. ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. "ಎಪ್ಟಾಯಿನ್" ಎಂದರೆ ಇಲ್ಲಿ ಗುರುತಾಗಲಿಕ್ಕಿಲ್ಲ, "ಫೆನಿಟಾಯಿನ್" ಎಂದರೆ ತಕ್ಷಣ ಗೊತ್ತಾಗುತ್ತದೆ. ಪರೀಕ್ಷೆಗೆ ಹೋಗುತ್ತೇವೆಂದು ಫಿಟ್ಸ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸುವುದು ಅಪಾಯ.

ಸರ್ಕಾರಿ ಆಸ್ಪತ್ರೆಯ ತಜ್ಞರನ್ನು ಕಾಣಲು ಜಿ.ಪಿ.ಯ ಪತ್ರ ಬೇಕು. ಆಸ್ಪತ್ರೆಯವರು ಅದನ್ನು ಓದಿ ಯಾರಿಗೆ ಎಷ್ಟು ತುರ್ತು ಎಂದು ನಿರ್ಧರಿಸುತ್ತಾರೆ, ಕೆಲವೊಮ್ಮೆ ಜಿ.ಪಿ.ಗೇ ಸಲಹೆ ಬರೆದು ಹಿಂದಿರುಗಿಸುವುದೂ ಉಂಟು. ನಾಲ್ಕು ತಿಂಗಳೊಳಗೆ ಕಾಣಬೇಕೆಂಬುದು ಸರ್ಕಾರದ ಗುರಿ, ಆದರೆ ಅದಕ್ಕಿಂತ ಹೆಚ್ಚು ಕಾಯುವವರೂ ಇದ್ದಾರೆ. ಕಾಯುವಾಗ ತೊಂದರೆ ಹೆಚ್ಚಾದರೆ ಮತ್ತೆ ಜಿ.ಪಿ.ಯನ್ನು ಕಂಡು ಹೊಸ ಪತ್ರ ಬರೆಸಿ. ಮನೆ ಬದಲಿಸಿದ್ದರೆ ಹೊಸ ವಿಳಾಸ ಕೊಡಿ. ಎರಡು ವರ್ಷ ಅಥವಾ ಹೆಚ್ಚಿನ ಅವಧಿಯ ವರ್ಕ್ ವೀಸಾದವರಿಗೆ ಈ ಭೇಟಿ ಉಚಿತ. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗಳಿಗೆ ಹಾಗಲ್ಲ, ಖರ್ಚು ನಮ್ಮದೇ. ಪ್ರಯಾಣ ವಿಮೆ ಹಳೆಯ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದು ಅವರು ವಿಮಾನ ಹತ್ತುವ ಮೊದಲೇ ಓದಿಕೊಳ್ಳಿ.

ಕೊನೆಗೆ, ಕೇಳಿಕೊಂಡು ಬರಬೇಕಾದ ಒಂದು ಪ್ರಶ್ನೆ: ಕಾರು ಓಡಿಸಬಹುದೇ? ಅಪಸ್ಮಾರದ ಫಿಟ್ಸ್ ಬಂದವರು ಸಾಮಾನ್ಯವಾಗಿ 12 ತಿಂಗಳು ಓಡಿಸುವಂತಿಲ್ಲ. ಕೆಲವರಿಗೆ ತಜ್ಞರ ಅಭಿಪ್ರಾಯದ ಮೇಲೆ ಇದು ಕಡಿಮೆಯಾಗಬಹುದು. ಬಸ್ಸು ಅಪರೂಪವಾದ ಬಡಾವಣೆಗಳಲ್ಲಿ ಮಕ್ಕಳ ಶಾಲೆ, ನಮ್ಮ ಆಫೀಸು ಎರಡಕ್ಕೂ ಇದು ದೊಡ್ಡ ಪ್ರಶ್ನೆ. ಭೇಟಿಯ ನಂತರ ತಜ್ಞರು ಜಿ.ಪಿ.ಗೆ ಬರೆಯುವ ಪತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ. ಮುಂದೆ ಊರಿಗೆ ಹೋದಾಗ ಅಲ್ಲಿನ ವೈದ್ಯರಿಗೂ ಅದು ಬೇಕಾಗುತ್ತದೆ.